ಕೌದಿಗೆ ಇಟ್ಟ ತುತ್ತು

ಈ ಬರಹದಲ್ಲಿ ಬರುವ ಬಟ್ಟೆಯ ಬಣ್ಣಗಳನ್ನು ಪೂರ್ತಿ ನಂಬಬೇಡಿ. ಮೇಲಿನ ಪದರ ಹಸಿರಾಗಿತ್ತು ಎಂದು ನಾನು ಬರೆಯುತ್ತೇನೆ. ಅವ್ವ ಕೊನೆಯವರೆಗೂ ಅದು ನೀಲಿ ಎಂದೇ ಹೇಳುತ್ತಿದ್ದಳು. ನನಗಾಗ ಒಂಬತ್ತು ವರ್ಷವೋ ಹತ್ತೋ, ಅದೂ ಖಚಿತವಿಲ್ಲ. ನಾನು ದಿನಚರಿ ಬರೆಯಲು ತೊಡಗಿದ್ದು ಇದೆಲ್ಲ ನಡೆದು ಒಂದೆರಡು ವರ್ಷದ ಮೇಲೆ, ಅಪ್ಪನ ಕಚೇರಿಯಿಂದ ಬರುತ್ತಿದ್ದ ಉರ್ದು ರದ್ದಿ ಕಾಗದಗಳ ಬೆನ್ನಿಗೆ. ಆ ಮೊದಲ ಹಾಳೆಗಳಲ್ಲಿ ಮಳೆ ಬಂದದ್ದು, ಹುಣಸೆಹಣ್ಣು ಬಿಡಿಸಿದ್ದು, ಬೆಕ್ಕು ಅಟ್ಟದ ಮೇಲೆ ಮರಿ ಹಾಕಿದ್ದು ಎಲ್ಲ ಇದೆ; ತುಂಗಾ ಅತ್ತೆಯ ಕೌದಿಯ ಬಗ್ಗೆ ಒಂದು ಸಾಲೂ ಇಲ್ಲ. ಮುಂದೆ ಹೈದರಾಬಾದಿನಲ್ಲಿ ಇತಿಹಾಸ ಓದುವಾಗ, ದಾಖಲೆಯಲ್ಲಿ ಯಾವುದು ಇಲ್ಲವೋ ಅದನ್ನು ಯಾರು ಬಿಟ್ಟರು, ಯಾಕೆ ಬಿಟ್ಟರು ಎಂದು ಕೇಳುವುದನ್ನು ಕಲಿಸಿದರು. ಬೇರೆಯವರ ಕಾಗದಗಳನ್ನು ಹಾಗೆ ಕೇಳಿದ್ದೇನೆ. ನನ್ನದನ್ನು ಕೇಳಲು ಇಷ್ಟು ವರ್ಷ ಬೇಕಾಯಿತು. ಒಂದು ಸಂಗತಿಯ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ: ರೊಟ್ಟಿಯ ಚೂರನ್ನು ಆ ಕೌದಿಯೊಳಗೆ ಇಟ್ಟವಳು ನಾನು.

ನಮ್ಮ ಮನೆ ಕಲಬುರಗಿಯ ಬ್ರಹ್ಮಪುರದ ಒಂದು ಓಣಿಯಲ್ಲಿತ್ತು. ಬೀದಿಗೆ ಶಹಾಬಾದು ಕಲ್ಲಿನ ಕಟ್ಟೆ, ಅದರ ಹಿಂದೆ ಪಡಸಾಲೆ, ನಡುಮನೆ, ಅಲ್ಲಿಂದ ಎಡಕ್ಕೆ ದೇವರ ಕೋಣೆ, ಬಲಕ್ಕೆ ಅಡಿಗೆಮನೆ. ಎಲ್ಲಕ್ಕಿಂತ ಹಿಂದೆ ಜೋಳದ ಗಡಿಗೆಗಳನ್ನು ಇಡುತ್ತಿದ್ದ, ಕಿಟಕಿಯಿಲ್ಲದ ಕತ್ತಲೆ ಕೋಣೆ. ಅದರಲ್ಲಿ ಒಂದು ಮೂಲೆ ತುಂಗಾ ಅತ್ತೆಯದು. ಆಕೆ ಅಪ್ಪನ ಕೊನೆಯ ತಂಗಿ. ಮದುವೆಯಾಗಿ ಕಮಲಾಪುರಕ್ಕೆ ಹೋದವಳು ಎರಡು ವರ್ಷಕ್ಕೆ ತಿರುಗಿ ಬಂದಿದ್ದಳು. ಗಂಡ ಹೊಡೆದನೆಂದಲ್ಲ, ಬೈದನೆಂದೂ ಅಲ್ಲ. ಆಕೆಯ ಅತ್ತೆ ರಾಧಾಬಾಯಿಯವರು, ಈ ಹುಡುಗಿಗೆ ಮಡಿ-ಮೈಲಿಗೆ ತಿಳಿಯುವುದಿಲ್ಲ, ಇವಳ ಕೈಯಿಂದ ದೇವರಿಗೆ ನೀರೂ ಮುಟ್ಟಿಸಲಾಗದು, ಕಲಿತು ಬರಲಿ ಎಂದು ಕಳಿಸಿದ್ದರು. ಕಲಿತಿದ್ದಾಳೆ ಎಂದು ಯಾರೂ ಹೇಳಿ ಕಳಿಸಲಿಲ್ಲ, ಕರೆಯಲೂ ಯಾರೂ ಬರಲಿಲ್ಲ. ಹೀಗೇ ಐದು ವರ್ಷ ಕಳೆದಿತ್ತು. ಅವ್ವನಿಗೂ ಆಕೆಗೂ ದಿನಕ್ಕೊಂದು ಜಗಳವಾಗುತ್ತಿತ್ತು, ಅದೂ ಹೆಚ್ಚಾಗಿ ಹಿತ್ತಲಲ್ಲಿ ಎತ್ತರದ ಗಳದ ಮೇಲೆ ಒಣಹಾಕಿದ ಮಡಿ ಸೀರೆಯ ಕೆಳಗೆ.

"ತುಂಗಾ, ಮಡಿ ಸೀರಿ ಮುಟ್ಟಿದ್ಯೇನು?"

"ನಾ ಎಲ್ಲಿ ಮುಟ್ಟಿದೆ ವೈನಿ, ಅದ ನನ್ನ ಮುಟ್ತು. ಗಾಳಿ ಬೀಸ್ತು, ಹಾರಿ ಬಂದು ಹೆಗಲ ಮ್ಯಾಲೆ ಕೂತ್ತು."

"ಹಿಂಗ ಮಾತಾಡೇ ಕಮಲಾಪುರ ಬಿಟ್ಟು ಬಂದಿ. ಇನ್ನ ಇಲ್ಲಿಂದ ಎಲ್ಲಿಗೆ ಹೋಗ್ತಿ?"

ಅತ್ತೆ ನಗುತ್ತಿದ್ದಳು. ಆ ನಗುವೇ ಅವ್ವನಿಗೆ ಸಿಟ್ಟು ತರುತ್ತಿತ್ತು. ನನಗೆ ಮಾತ್ರ ಆ ಮನೆಯಲ್ಲಿ ಆಕೆಯಷ್ಟು ಬೇಕಾದವರು ಯಾರೂ ಇರಲಿಲ್ಲ. ನನ್ನ ಹಾಸಿಗೆ ಕತ್ತಲೆ ಕೋಣೆಯಲ್ಲಿ ಆಕೆಯ ಮಗ್ಗುಲಲ್ಲಿತ್ತು. ಹೊದೆಯಲು ಇದ್ದದ್ದು ಇಬ್ಬರಿಗೂ ಸೇರಿ ಒಂದು ದೊಡ್ಡ ಕೌದಿ. ಅದರ ಒಂದೊಂದು ತ್ಯಾಪೆಯನ್ನೂ ತೋರಿಸಿ ಇದು ಯಾರ ಸೀರೆ, ಇದು ಯಾರ ಅಂಗಿ, ಯಾವ ಹಬ್ಬದಲ್ಲಿ ಎಣ್ಣೆ ಚೆಲ್ಲಿದ್ದು ಎಂದು ಹೇಳುತ್ತಿದ್ದಳು. ಆಕೆಯನ್ನು ಯಾರಾದರೂ ಕರೆದುಕೊಂಡು ಹೋಗಬಹುದು ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ.

ಆ ವರ್ಷದ ಆಷಾಢದಲ್ಲಿ ಕಮಲಾಪುರದಿಂದ ನಮ್ಮೂರ ಗಂಜ್ ಮಾರುಕಟ್ಟೆಗೆ ಕೆಂಪು ಬಾಳೆಹಣ್ಣಿನ ಗಾಡಿ ಹೊಡೆದುಕೊಂಡು ಬರುತ್ತಿದ್ದ ಒಬ್ಬ ಮುದುಕ ನಮ್ಮ ಕಟ್ಟೆಯ ಮುಂದೆ ಗಾಡಿ ನಿಲ್ಲಿಸಿದ. ಒಂದು ಚಿಪ್ಪು ಹಣ್ಣು ಇಳಿಸಿ, ಬಾಯಿಪಾಠ ಒಪ್ಪಿಸುವ ಹುಡುಗನಂತೆ ಕಣ್ಣು ಮುಚ್ಚಿಕೊಂಡು ರಾಧಾಬಾಯಿಯವರ ಮಾತನ್ನು ಅಪ್ಪನಿಗೆ ಹೇಳಿದ.

"ಈ ಸಲ ಮಹಾಲಕ್ಷ್ಮಿ ಹಬ್ಬಕ್ಕ ಸೊಸೀನ್ನ ಕಳಸ್ರಿ. ಮೂರೂ ದಿನ ಇರ್ಲಿ, ಮಡೀಲೆ ಎಲ್ಲಾ ನೋಡ್ಕೊಳ್ಳಿ. ಚಂದ ಆಯ್ತಂದ್ರ ಮುಂದನೂ ಇಲ್ಲೇ ಇರ್ಲಿ. ಇಲ್ಲಾಂದ್ರ ನಮ್ಮ ಹಾದಿ ನಾವು ನೋಡ್ತೀವಿ. ಹಿಂಗ ಅಂದಾರ್ರಿ."

ಅವರ ಹಾದಿ ಯಾವುದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಗನಿಗೆ ಇನ್ನೊಂದು ಹೆಣ್ಣು ನೋಡಿಟ್ಟ ಸುದ್ದಿ ಯುಗಾದಿಗೇ ಬಂದಿತ್ತು. ಅವ್ವ ಮಾರನೆಯ ದಿನದಿಂದ ಅತ್ತೆಗೆ ಮಡಿ ನೀರು ತರುವುದು, ಎಲೆ ಹಾಕುವ ಕ್ರಮ, ಮುಸುರೆ ಮುಟ್ಟಿದ ಕೈ ತೊಳೆಯುವ ಪರಿ ಎಲ್ಲವನ್ನೂ ಹೊಸದಾಗಿ ಹೇಳತೊಡಗಿದಳು. ಅನ್ನ, ರೊಟ್ಟಿ, ಬೇಯಿಸಿದ್ದೆಲ್ಲ ಮುಸುರೆ. ಅದನ್ನು ಮುಟ್ಟಿದ ಕೈಯಿಂದ ಪೂಜೆಯ ಸಾಮಾನು ಮುಟ್ಟಿದರೆ ಎಲ್ಲ ಹಾಳು. ಈ ಪಾಠವನ್ನು ನಾನೂ ಪಕ್ಕದಲ್ಲಿ ಕೂತು ಕೇಳಿದ್ದೇನೆ. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಬರಿಗೈಯಲ್ಲಿ ಹೋಗಬಾರದು, ಮಹಾಲಕ್ಷ್ಮಿಯರ ಹಿಂದೆ ಗೋಡೆಗೆ ತೂಗುಹಾಕಲು ತಾನೇ ಹೊಲಿದದ್ದನ್ನು ಒಯ್ಯುತ್ತೇನೆ ಎಂದವಳು ಅತ್ತೆಯೇ. ಹಿಂದಿನ ಸಲದ ಉರುಸಿನಲ್ಲಿ ಅಪ್ಪ ನಮ್ಮಿಬ್ಬರನ್ನೂ ಬಳೆ ಕೊಡಿಸಲು ದರ್ಗಾ ಇರುವ ರೋಜಾಕ್ಕೆ ಕರೆದೊಯ್ದಿದ್ದರು. ಅಲ್ಲಿ ಕಟ್ಟಿದ್ದ ಡೇರೆಯ ಪರದೆಗಳ ಮುಂದೆ ಅತ್ತೆ ನಿಂತುಬಿಟ್ಟಳು. ಬಿಳಿ ಬಟ್ಟೆಯಲ್ಲಿ ಕೆಂಪು ಕಮಾನು, ಕಮಾನಿನೊಳಗೆ ಕೆಂಪು ಹೂವು. ದೂರದಿಂದ ಅದು ಮೇಲೆ ಹಚ್ಚಿದ ತ್ಯಾಪೆಯಂತೆ ಕಂಡರೂ ಹತ್ತಿರ ಹೋಗಿ ಬೆರಳಾಡಿಸಿದರೆ ಹೂವು ತಗ್ಗಿನಲ್ಲಿತ್ತು. ಮೇಲಿನ ಬಟ್ಟೆಯನ್ನು ಹೂವಿನ ಆಕಾರಕ್ಕೆ ಕತ್ತರಿಸಿ ತೆಗೆದು, ಅಂಚು ಒಳಗೆ ಮಡಚಿ ಹೊಲಿದು, ಕೆಳಗಿನ ಬಟ್ಟೆ ಕಾಣುವಂತೆ ಮಾಡಿದ್ದರು. ನಮ್ಮ ಕೌದಿಯಲ್ಲಿ ಹರಿದಲ್ಲಿ ಹಚ್ಚುತ್ತ ಹೋಗುತ್ತೇವೆ. ಇಲ್ಲಿ ಹರಿಯದ ಬಟ್ಟೆಯನ್ನೇ ಬೇಕೆಂದು ಕೊರೆದಿದ್ದರು. ಅತ್ತೆಗೆ ಅದು ತಲೆಯಲ್ಲಿ ಕೂತುಬಿಟ್ಟಿತ್ತು. ಡೇರೆ ಹೊಲಿಯುವವನ ಅರ್ಜಿಯೊಂದನ್ನು ಅಪ್ಪ ಬರೆದುಕೊಟ್ಟಿದ್ದರಿಂದ ಅವನ ಹೆಂಡತಿ ನಮ್ಮ ಮನೆಗೆ ಬಂದು ಕಲಿಸಲು ಒಪ್ಪಿದಳು. ನಾವು ಆಕೆಯನ್ನು ಖಾಲಾ ಎನ್ನುತ್ತಿದ್ದೆವು. ಆಕೆ ಕಟ್ಟೆಯ ಮೇಲೆ, ಅತ್ತೆ ಹೊಸ್ತಿಲ ಒಳಗೆ, ಬಟ್ಟೆ ಹೊಸ್ತಿಲಿನ ಮೇಲೆ. ಎಲ್ಲ ಮುಗಿದ ಮೇಲೆ ಒಗೆದರಾಯಿತು ಎಂದು ಅವ್ವ ಹೇಗೋ ಒಪ್ಪಿಕೊಂಡಿದ್ದಳು.

ಕೆಳಗೆ ಅಪ್ಪನ ಹಳೆಯ ಧೋತರ, ಅದರ ಮೇಲೆ ಹಳದಿ, ಅದರ ಮೇಲೆ ಕೆಂಪು, ಎಲ್ಲಕ್ಕೂ ಮೇಲೆ ಹಸಿರು. ನಾಲ್ಕನ್ನೂ ಉದ್ದುದ್ದ ಹೊಲಿಗೆ ಹಾಕಿ ಒಂದು ಮಾಡಿ, ಇದ್ದಿಲಿನಿಂದ ಕಮಲ ಬರೆದು, ಹಸಿರನ್ನು ಮಾತ್ರ ಗೆರೆಯ ಒಳಗೆ ಅಕ್ಕಿಕಾಳಿನಷ್ಟು ಬಿಟ್ಟು ಕತ್ತರಿಸಬೇಕು. ಬಿಟ್ಟ ಅಂಚನ್ನು ಸೂಜಿಯ ಮೊನೆಯಿಂದ ಒಳಗೆ ತಳ್ಳಿ ಹೊಲಿದರೆ ಕೆಂಪು ದಳ. ಆ ದಳದೊಳಗೆ ಕೆಂಪನ್ನು ಇನ್ನೂ ಸಣ್ಣದಾಗಿ ಕೊರೆದರೆ ಹಳದಿ ಎಸಳು. ಹೇಳಿದಷ್ಟು ಸುಲಭವಿರಲಿಲ್ಲ. ಕತ್ತರಿ ಹಿಡಿದ ಅತ್ತೆಯ ಕೈ ಹಸಿರು ಬಟ್ಟೆಯ ಮೇಲೆ ನಿಂತೇ ಇತ್ತು.

"ಡರ್‌ನಾ ನಕ್ಕೋ ಬೇಟಿ, ಅಂಜಬ್ಯಾಡ. ಕೈ ನಡುಗಿದ್ರ ಕತ್ತರಿ ಸೊಟ್ಟ ಹೋಗ್ತದ."

"ಹೊಸಾ ಅರಿವಿ ಖಾಲಾ. ಕತ್ತರಿ ಹಚ್ಚಲಿಕ್ಕೆ ಎದಿ ಡವಡವ ಅಂತದ."

"ಉಗುರು ನಡುವ ಇಟ್ಟು ನೋಡು, ಒಂದ ಪದರ ಸಿಕ್ತಾ? ಬಸ್. ಅದನ್ನಷ್ಟೇ ಕತ್ತರಿಸು. ಕೆಳಗಿಂದಕ್ಕ ಗೊತ್ತೇ ಆಗಬಾರ್ದು."

ಮೊದಲ ಸಲ ಕೆಳಗಿನದಕ್ಕೆ ಗೊತ್ತಾಯಿತು. ಕತ್ತರಿ ಮೂರೂ ಪದರ ದಾಟಿ, ಕಮಲದ ನಡುವೆ ಧೋತರದ ಬಿಳುಪು ಸಾಲಾಗಿ ಕಾಣಿಸಿತು.

"ಇದೇನ, ಕಮಲಕ್ಕ ಹಲ್ಲು ಬಂದಾವ!" ಎಂದಳು ಅವ್ವ ಬಾಗಿಲ ಹಿಂದಿನಿಂದ.

"ಲಕ್ಷ್ಮಿ ನಗಲಿಕ್ಕತ್ಯಾಳ ವೈನಿ," ಎಂದಳು ಅತ್ತೆ.

ಅವ್ವನಿಗೂ ನಗು ಬಂತು. ನನ್ನ ನೆನಪಿನಲ್ಲಿ ಅವರಿಬ್ಬರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ. ಹೆಚ್ಚು ಸಲ ನಕ್ಕಿರಬಹುದು, ನಾನು ಇಟ್ಟುಕೊಂಡದ್ದು ಇದೊಂದನ್ನು. ಆ ತುಂಡನ್ನು ಬಿಸಾಡಿ ಮತ್ತೆ ಶುರುಮಾಡಿದರು. ದಳಗಳು ಕೂಡುವ ಸಂದಿಯಲ್ಲಿ ಅಂಚಿಗೆ ಒಂದು ಸಣ್ಣ ಕಚ್ಚು ಕೊಡದಿದ್ದರೆ ಬಟ್ಟೆ ಮಡಚುವುದಿಲ್ಲ. ಕೂದಲಷ್ಟು ಹೆಚ್ಚಾದರೆ ಎಳೆ ಬಿಚ್ಚಿಹೋಗುತ್ತದೆ. ಖಾಲಾ ಸೂಜಿಗೆ ತುಸು ಮೇಣ ಸವರಿ ಆ ಎಳೆಗಳನ್ನು ಒಳಗೆ ಕೂಡಿಸುವುದನ್ನು ತೋರಿಸಿಕೊಟ್ಟಳು. ಶ್ರಾವಣ ಮುಗಿಯುವ ಹೊತ್ತಿಗೆ ಅತ್ತೆಯ ಹೊಲಿಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿತ್ತು. ಹಿರಿಯ ಲಕ್ಷ್ಮಿಗೊಂದು, ಕಿರಿಯ ಲಕ್ಷ್ಮಿಗೊಂದು ಎಂದು ಎರಡು ಕಮಲ, ಸುತ್ತ ಚೌಕದ ಅಂಚು. ನನಗೂ ಒಂದು ಚೌಕ ಹೊಲಿಯಲು ಕೊಟ್ಟಿದ್ದಳು. ನನ್ನ ಹೊಲಿಗೆ ಕಾಗೆಯ ಹೆಜ್ಜೆಯಂತೆ ದೂರದೂರ ಬಿದ್ದದ್ದನ್ನು ನೋಡಿ, ಬಿಚ್ಚಿ ತಾನೇ ಹೊಲಿದಳು. ಈ ವಿವರವನ್ನು ಓದುವವರು ನೆನಪಿಡಬೇಕು. ನಾನು ಬಹಳ ವರ್ಷ ನೆನಪಿಟ್ಟಿರಲಿಲ್ಲ.

ಹೊರಡುವುದಕ್ಕೆ ನಾಲ್ಕೈದು ದಿನ ಇರುವಾಗ ಸಂಗವ್ವ ಬಂದಳು. ವರ್ಷಕ್ಕೊಮ್ಮೆ ಬಂದು ಕಟ್ಟೆಯ ಮೇಲೆ ಕೂತು ನಮ್ಮ ಮನೆಯ ಕೌದಿಗಳನ್ನೆಲ್ಲ ಹೊಲಿದುಕೊಡುತ್ತಿದ್ದವಳು ಅವಳೇ. ಒಗೆದು ಒಣಹಾಕಿದ್ದ ಹೊಸ ಕೆಲಸವನ್ನು ಮುಟ್ಟದೆ, ಸುತ್ತ ತಿರುಗಿ ನೋಡಿದಳು.

"ಏನ್ರೀ ತುಂಗಮ್ಮ, ಗ್ವಾಡಿಗೆ ಚಳಿ ಹತ್ಯಾದೇನು, ಕೌದಿ ಹೊಚ್ಚಾಕತ್ತೀರಿ?"

"ಚಳಿ ಹತ್ತಿದ್ದು ನನಗ ಸಂಗವ್ವ. ಕಮಲಾಪುರಕ್ಕ ಹೋಗಬೇಕಲ್ಲ."

"ಚಂದ ಆಗ್ಯಾದ ಬಿಡ್ರಿ. ಇದರ ಹೊಟ್ಟಿ ತುಂಬ್ಸೀರೋ ಇಲ್ಲೋ?"

ಸಂಗವ್ವ ಯಾವ ಕೌದಿಯನ್ನೂ ಬರಿಹೊಟ್ಟೆಯಲ್ಲಿ ಮುಗಿಸುತ್ತಿರಲಿಲ್ಲ. ಕೊನೆಯ ಮೂಲೆ ಮುಚ್ಚುವ ಮುಂಚೆ ತನ್ನ ಬುತ್ತಿಯಿಂದ, ಒಣಗಿ ಗರಿಗರಿಯಾದ ಖಟಕ ರೊಟ್ಟಿಯ ಒಂದು ಚೂರು ಮುರಿದು ಪದರಗಳ ನಡುವೆ ಇಟ್ಟು ಹೊಲಿಯುತ್ತಿದ್ದಳು. ಕೌದಿ ಹಸಿದಿದ್ದರೆ ಹೊದ್ದವರಿಗೆ ಊಟ ಕಡಿಮೆಯಾಗುತ್ತದೆ ಎಂಬುದು ಅವಳ ನಂಬಿಕೆ. ಅಷ್ಟು ಮಡಿಯ ಅವ್ವನೂ, ಹೊದೆಯುವ ಕೌದಿಯಾದರೆ, ಇದನ್ನು ಕಂಡೂ ಕಾಣದಂತೆ ಬಿಡುತ್ತಿದ್ದಳು. ಹಾಸಿಗೆ ಹೇಗೂ ಮೈಲಿಗೆಯೇ.

"ದೇವರ ಹಿಂದ ಕಟ್ಟೋದು ಸಂಗವ್ವ. ಇದರಾಗ ಮುಸುರಿ ಇಟ್ರ ನಮ್ಮತ್ತಿ ಕೌದಿ ಬಿಟ್ಟು ನನ್ನನ್ನ ಗೋಡಿಗೆ ಹೊಲೀತಾರ."

"ನಾ ಹೇಳೋದು ಹೇಳೀನ್ರಿ. ಇದು ಹಸಕೊಂಡು ಹೋದ್ರ, ಆ ಮನ್ಯಾಗ ನಿಮಗ ಹೊಟ್ಟಿ ತುಂಬ ಯಾರೂ ನೀಡಂಗಿಲ್ಲ."

ಅತ್ತೆ ನಕ್ಕು ಒಳಗೆ ಹೋದಳು. ನಾನು ಸಂಗವ್ವನ ಹಿಂದೆ ಓಣಿಯ ತಿರುವಿನವರೆಗೆ ಹೋಗಿ, ಒಂದು ಚೂರು ರೊಟ್ಟಿ ಕೊಡು ಎಂದು ಕೇಳಿದೆ. ಅವಳು ಬುತ್ತಿ ಬಿಚ್ಚಿ ಮುರಿದುಕೊಟ್ಟಳು. ಮಾರನೆಯ ಮಧ್ಯಾಹ್ನ ಅವ್ವ ಮಲಗಿದ್ದಾಗ, ಅತ್ತೆ ಬಾವಿಗೆ ಹೋದಾಗ, ಕೆಳಗಿನ ಎಡ ಮೂಲೆಯ ಹೊಲಿಗೆಯನ್ನು ಎರಡು ಬೆರಳಷ್ಟು ಬಿಚ್ಚಿದೆ. ಹಳದಿಗೂ ಧೋತರಕ್ಕೂ ನಡುವೆ ರೊಟ್ಟಿಯ ಚೂರು ತಳ್ಳಿದೆ. ಅದು ಕರಕರ ಎಂದಿತು. ಮತ್ತೆ ಹೊಲಿದೆ, ನನಗೆ ಬಂದ ಹಾಗೆ.

ಅತ್ತೆ ಆ ಮನೆಯಲ್ಲಿ ಹಸಿಯಬಾರದು ಎಂದು ಇಟ್ಟೆ: ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡ ಕಾರಣ ಇದು. ಸುಳ್ಳಲ್ಲ. ಆದರೆ ಪೂರ್ತಿ ನಿಜವೋ? ಮುಸುರೆ ಎಂದರೇನೆಂದು ನನಗೆ ಗೊತ್ತಿತ್ತು. ಸಿಕ್ಕಿಬಿದ್ದರೆ ಏನಾಗುತ್ತದೆ ಎಂದು ಅತ್ತೆಯೇ ನನ್ನೆದುರಿಗೆ ಹೇಳಿದ್ದಳು. ಆಕೆ ಹೋದರೆ ಕತ್ತಲೆ ಕೋಣೆಯಲ್ಲಿ ನಾನೊಬ್ಬಳೇ ಎಂಬುದೂ ಗೊತ್ತಿತ್ತು. ಆ ಮಧ್ಯಾಹ್ನ ಸೂಜಿ ಹಿಡಿದ ಹುಡುಗಿಯ ಮನಸ್ಸಿನ ಮೂಲೆಯಲ್ಲಿ, ಸಿಕ್ಕಿಬಿದ್ದರೆ ಬೀಳಲಿ ಎಂಬುದು ಇರಲೇ ಇಲ್ಲ ಎಂದು ಆಣೆ ಮಾಡಿ ಹೇಳಲಾರೆ. ಆ ಹುಡುಗಿಯನ್ನು ಎಷ್ಟು ಕೇಳಿದರೂ ರೊಟ್ಟಿ ತೋರಿಸುತ್ತಾಳೆಯೇ ಹೊರತು ಮುಖ ಎತ್ತುವುದಿಲ್ಲ.

ಹೊರಡುವ ಹಿಂದಿನ ದಿನ ಅತ್ತೆ ಅದನ್ನು ಮಡಚಿ, ಉಣ್ಣೆಗೆ ಮೈಲಿಗೆ ತಾಗುವುದಿಲ್ಲವೆಂದು ಅವ್ವನ ಧಾಬಳಿಯಲ್ಲಿ ಸುತ್ತಿ ಇಟ್ಟಳು. ಮಡಚುವಾಗ ನಾನು ಅಲ್ಲಿರಲಿಲ್ಲ. ಬೇಕೆಂದೇ ಹಿತ್ತಲಿಗೆ ಹೋಗಿದ್ದೆ. ಕಮಾನು ಹೊದಿಸಿದ ಗಾಡಿಯಲ್ಲಿ ಅಪ್ಪ ನಮ್ಮನ್ನು ಕಮಲಾಪುರಕ್ಕೆ ಬಿಟ್ಟು, ಮೂರನೆಯ ದಿನ ಬರುತ್ತೇನೆಂದು ಹಿಂದಿರುಗಿದರು. ಅತ್ತೆಯ ಜೊತೆಗಿರಲು ನಾನು ಉಳಿದೆ. ಆ ಮನೆ ನಮ್ಮ ಮನೆಗಿಂತ ದೊಡ್ಡದು, ಎಲ್ಲ ಕೋಣೆಯಲ್ಲೂ ಬಾಳೆಹಣ್ಣು ಹಣ್ಣಾಗುತ್ತಿರುವ ವಾಸನೆ. ರಾಧಾಬಾಯಿಯವರು ಎತ್ತರದ ಹೆಂಗಸು, ಹಣೆತುಂಬ ಕುಂಕುಮ. ಅವರು ಕೆಟ್ಟವರಾಗಿ ನನಗೆ ಕಾಣಲಿಲ್ಲ ಎಂಬುದನ್ನೂ ಬರೆಯಬೇಕು. ತಂದದ್ದನ್ನು ಬಿಚ್ಚಿ ಗೋಡೆಗೆ ಕಟ್ಟಿಸಿ, ಅದರ ಮುಂದೆ ಇಬ್ಬರು ಮಹಾಲಕ್ಷ್ಮಿಯರ ಮುಖಗಳನ್ನು ಇಟ್ಟು ಸೀರೆ ಉಡಿಸಿದ ಮೇಲೆ, ಕಮಲದ ದಳದ ಮೇಲೆ ಬೆರಳಾಡಿಸಿ ನಿಂತರು.

"ಇದು ಕೌದಿ ಹೊಲಿಗಿ ಅಲ್ಲ. ಎಲ್ಲಿ ಕಲ್ತಿ?"

"ಕಲಬುರಗಿ ಒಳಗ ಹೊಸದಾಗಿ ಕಲ್ತೀನ್ರಿ."

"ಕೈ ಚಲೋ ಕೂತದ. ನಾಳಿ ಹೂರಣ ನೀನ ರುಬ್ಬು."

ಸಂಜೆ ಅರಿಷಿಣ-ಕುಂಕುಮಕ್ಕೆ ಬಂದ ಹೆಂಗಸರೆಲ್ಲ ಲಕ್ಷ್ಮಿಯರನ್ನು ಬಿಟ್ಟು ಗೋಡೆ ನೋಡಿದರು. ಅತ್ತೆ ಸೆರಗು ಹೊದ್ದು, ತಲೆ ತಗ್ಗಿಸಿ, ಒಂದು ಮಾತೂ ತಮಾಷೆಯಾಡದೆ ವೀಳ್ಯ ಕೊಡುತ್ತಿದ್ದಳು. ನಾನು ಆಕೆಯನ್ನು ಹಾಗೆ ಕಂಡೇ ಇರಲಿಲ್ಲ. ಮಾಮಾ, ಎಂದರೆ ಆಕೆಯ ಗಂಡ, ಅಡಿಗೆಮನೆಯ ಬಾಗಿಲಿನವರೆಗೆ ಬಂದು ನೀರು ಕೇಳಿದರು. ನೀರು ಪಡಸಾಲೆಯಲ್ಲೂ ಇತ್ತು.

ಎರಡನೆಯ ದಿನ ಹದಿನಾರು ತರದ ಪಲ್ಯ, ಹೋಳಿಗೆ, ಅಂಬಲಿ ಎಲ್ಲ ಸಿದ್ಧವಾಗಿ, ನೈವೇದ್ಯದ ಎಲೆಗಳನ್ನು ಲಕ್ಷ್ಮಿಯರ ಮುಂದೆ ಬಡಿಸಿದ್ದರು. ನಾನು ಹೂವಿನ ತಟ್ಟೆ ಹಿಡಿದು ನಿಂತಿದ್ದೆ. ಮೊದಲು ನೋಡಿದವಳು ನಾನೇ ಇರಬೇಕು. ಕೆಳಗಿನ ಎಡ ಮೂಲೆಯಿಂದ ಸಣ್ಣ ಕೆಂಪು ಇರುವೆಗಳ ಸಾಲು ಗೋಡೆಯ ಮೇಲಿಳಿದು, ಕಿರಿಯ ಲಕ್ಷ್ಮಿಯ ಸೀರೆಯ ನೆರಿಗೆ ದಾಟಿ, ಎಲೆಯ ತುದಿಗೆ ಬಂದಿತ್ತು. ನಾನು ಬಾಯಿ ಬಿಡಲಿಲ್ಲ. ರಾಧಾಬಾಯಿಯವರು ಆರತಿ ಎತ್ತಲು ಬಗ್ಗಿದಾಗ ಕಂಡರು. ಇರುವೆಯ ದಾರಿ ಹಿಡಿದು ಬೆರಳನ್ನು ಮೇಲಕ್ಕೆ ಒಯ್ದು, ಮೂಲೆಯನ್ನು ಹಿಚುಕಿದರು. ಅದು ಕರಕರ ಎಂದಿತು.

"ಕತ್ತರಿ ತರ್ರಿ."

ಯಾರೋ ತಂದರು. ಅವರು ಬಹಳ ಹೊತ್ತು ಒದ್ದಾಡಿದರು.

"ಎಷ್ಟು ಸಣ್ಣ ಹೊಲಿಗಿ ಹಾಕಿ ಮುಚ್ಚ್ಯಾಳ ನೋಡ್ರಿ, ಕತ್ತರಿ ಮೊನಿ ಹೋಗಂಗಿಲ್ಲ!" ಆಮೇಲೆ ಅಂಗೈ ಚಾಚಿ ತೋರಿಸಿದರು. "ರೊಟ್ಟಿ. ದೇವರ ನೆತ್ತಿ ಮ್ಯಾಲೆ ಮುಸುರಿ. ರೊಟ್ಟಿ ಒಂದ ಸಾಲ್ದು ಅಂತ ಮ್ಯಾಲೆ ಬೆಲ್ಲ ಬ್ಯಾರೆ! ಯಾರ ಮನಿ ರೊಟ್ಟಿ ಇದು? ಯಾರು ಇಟ್ಟವರು?"

ಹೇಳಬೇಕೆಂದು ನಾನು ಉಸಿರೆಳೆದುಕೊಂಡದ್ದು ನೆನಪಿದೆ. ಆ ಉಸಿರು ನಿಜವೋ, ಆಮೇಲೆ ನಾನೇ ನನ್ನ ಮೇಲೆ ಕರುಣೆಯಿಂದ ಸೇರಿಸಿದ್ದೋ ತಿಳಿಯದು. ಅಷ್ಟರಲ್ಲಿ ಅತ್ತೆ ಅಡಿಗೆಮನೆಯ ಹೊಸ್ತಿಲಲ್ಲಿ ಬಂದು ನಿಂತಿದ್ದಳು, ಮೊಣಕೈವರೆಗೆ ಹೂರಣ.

"ನಾನ ಇಟ್ಟೀನ್ರಿ."

ಆಕೆ ನನ್ನ ಕಡೆ ನೋಡಲಿಲ್ಲ. ಮಾಮಾ ಬಾಗಿಲಿನ ಚೌಕಟ್ಟಿನ ಮೇಲ್ತುದಿಯನ್ನೇ ನೋಡುತ್ತಿದ್ದರು. ಎಲೆಗಳನ್ನೆಲ್ಲ ಎತ್ತಿ ದನಕ್ಕೆ ಹಾಕಿದರು. ಗೋಡೆ ತೊಳೆದು, ನೆಲ ಸಾರಿಸಿ, ಎಲ್ಲರೂ ಮತ್ತೆ ಸ್ನಾನಮಾಡಿ, ಹದಿನಾರು ಪಲ್ಯವನ್ನು ಮತ್ತೆ ಹೆಚ್ಚಿ ಬೇಯಿಸಿದರು. ಅತ್ತೆಯನ್ನು ಒಳಗೆ ಬಿಡಲಿಲ್ಲ. ನೈವೇದ್ಯವಾದಾಗ ಹೊತ್ತು ಮುಳುಗುತ್ತಿತ್ತು. ನಮಗಿಬ್ಬರಿಗೂ ಹಿಂದಿನ ಪಡಸಾಲೆಯಲ್ಲಿ ಬಡಿಸಿದರು. ಅತ್ತೆ ಹೋಳಿಗೆ ಮುರಿದು ಎಲೆಯ ಅಂಚಿಗೆ ಸರಿಸಿದಳು. ನಾನು ನನ್ನ ಪಾಲಿನದನ್ನೂ ತಿಂದು, ಆಕೆಯದನ್ನೂ ತಿಂದೆ.

ಮೂರನೆಯ ದಿನ ಲಕ್ಷ್ಮಿಯರನ್ನು ಕಳಿಸಿಕೊಟ್ಟ ಮೇಲೆ ನಮ್ಮನ್ನೂ ಕಳಿಸಿಕೊಟ್ಟರು. ಅಪ್ಪ ಗಾಡಿಯ ಮುಂದೆ ಕೂತು ಎತ್ತುಗಳ ಬೆನ್ನು ನೋಡುತ್ತಿದ್ದರು. ಅತ್ತೆಯ ಮಡಿಲಲ್ಲಿ ಮಡಚಿದ ಕೌದಿ, ಧಾಬಳಿಯಿಲ್ಲದೆ. ಊರು ದಾಟಿದ ಮೇಲೆ ಒಂದು ಕೆಂಪು ಬಾಳೆಹಣ್ಣು ಸುಲಿದು ನನಗೆ ಅರ್ಧ ಕೊಟ್ಟಳು. ಆಕೆ ಆಗ ಸಣ್ಣಗೆ ಏನೋ ಗುನುಗುತ್ತಿದ್ದಳು ಎಂದು ನನ್ನ ನೆನಪು ಹೇಳುತ್ತದೆ. ಈ ನೆನಪನ್ನು ನಾನು ಎಲ್ಲಕ್ಕಿಂತ ಹೆಚ್ಚು ಅನುಮಾನಿಸುತ್ತೇನೆ, ಯಾಕೆಂದರೆ ಇದರಿಂದ ನನಗೆ ಲಾಭವಿದೆ.

ಆ ಮಾಘದಲ್ಲಿ ಮಾಮಾನ ಎರಡನೆಯ ಮದುವೆಯಾಯಿತು. ಅವ್ವ ಒಂದು ವಾರ ಅತ್ತೆಯ ಮೇಲೆ ಕೂಗಾಡಿದಳು.

"ಅಷ್ಟು ಹೇಳಿ ಕಳಿಸಿದ್ದೆ! ಆ ಹಾಳು ರೊಟ್ಟಿ ಯಾಕರ ಇಟ್ಟಿ?"

"ಹಸಿವ್ಯಾಗಿರಬಾರ್ದು ಅಂತ ಇಟ್ಟೆ ವೈನಿ," ಎಂದಷ್ಟೇ ಅತ್ತೆ ಹೇಳಿದಳು.

ಆ ಮಾತನ್ನು ನಾನು ಕತ್ತಲೆ ಕೋಣೆಯಲ್ಲಿ ನಿಂತು ಕೇಳಿದೆ. ಆಗಲೂ ಹೊರಗೆ ಬರಲಿಲ್ಲ. ಅಪ್ಪನಿಗೂ ಹೇಳಲಿಲ್ಲ, ಅವ್ವನಿಗೂ ಇಲ್ಲ. ಹೇಳದೆ ಇದ್ದದ್ದು ಮೊದಲು ಹೆದರಿಕೆಯಾಗಿತ್ತು, ಆಮೇಲೆ ಅಭ್ಯಾಸವಾಯಿತು. ಆ ಕೌದಿಯನ್ನು ದೇವರ ಕೋಣೆಯ ಹತ್ತಿರ ತರಲು ಅವ್ವ ಬಿಡಲಿಲ್ಲ. ಪಡಸಾಲೆಯಲ್ಲಿ ನನ್ನ ಪುಸ್ತಕಗಳಿದ್ದ ಗೂಡಿಗೆ ಅತ್ತೆ ಅದನ್ನು ಪರದೆ ಕಟ್ಟಿದಳು. ಮುಂದಿನ ಎಂಟು ವರ್ಷ ನಾನು ಯಾವ ಪುಸ್ತಕ ತೆಗೆಯಬೇಕಾದರೂ ಆ ಎಡ ಮೂಲೆಯನ್ನು ಎತ್ತಬೇಕಾಗಿತ್ತು. ದೊಡ್ಡವಳಾದೆನೆಂದು ಅವ್ವ ನನ್ನನ್ನು ಶಾಲೆ ಬಿಡಿಸಿ ಅಡಿಗೆಗೆ ನಿಲ್ಲಿಸಲು ಹೊರಟಾಗ ಅಡ್ಡ ಬಂದದ್ದು ಅತ್ತೆಯೇ.

"ಒಲಿ ಮುಂದ ನಾ ಇದ್ದೀನಲ್ಲ ವೈನಿ. ಮನ್ಯಾಗ ಒಬ್ಬಾಕಿ ಸುಟ್ಟುಕೊಂಡ್ರ ಸಾಕು. ಗೋದಾ ಓದ್ಲಿ."

ಹಾಗೆ ನಾನು ಓದಿದೆ. ಹೈದರಾಬಾದಿಗೂ ಹೋದೆ. ಆಕೆ ಕಮಲಾಪುರದಲ್ಲಿ ಉಳಿದಿದ್ದರೆ ಒಲೆಯ ಮುಂದೆ ಯಾರಿರುತ್ತಿದ್ದರು ಎಂಬುದನ್ನು ಲೆಕ್ಕ ಹಾಕಲು ಪದವಿ ಬೇಕಾಗಿಲ್ಲ. ಪದವಿಯ ದಿನ ಎಲ್ಲರೂ ಹೊಗಳಿದಾಗ ನನಗೆ ಕಂಡದ್ದು ರಾಧಾಬಾಯಿಯವರ ಅಂಗೈ ಮೇಲಿನ ಒಣ ರೊಟ್ಟಿಯ ಚೂರು.

ಹೈದರಾಬಾದಿನ ಮೊದಲ ಚಳಿಗಾಲದಲ್ಲಿ ಅತ್ತೆ ಒಂದು ಕೌದಿ ಹೊಲಿದು ಕಳಿಸಿದ್ದಳು. ಹೊದ್ದು ಮಗ್ಗುಲಾದಾಗ ಒಂದು ಮೂಲೆ ಕರಕರ ಎಂದಿತು. ನಾನು ಎದ್ದು ಕೂತು, ಕಣ್ಣಿಗೆ ಕಾಣದಷ್ಟು ಸಣ್ಣ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿದೆ. ಖಟಕ ರೊಟ್ಟಿಯ ಚೂರು, ಅದಕ್ಕೆ ಅಂಟಿದ ಬೆಲ್ಲ. ಸಂಗವ್ವ ಎಂದೂ ಬೆಲ್ಲ ಇಟ್ಟವಳಲ್ಲ. ನಾನೂ ಇಟ್ಟಿರಲಿಲ್ಲ; ಇಟ್ಟಿರಲಿಲ್ಲವೆಂದೇ ನನ್ನ ನೆನಪು. ಕಮಲಾಪುರದ ಆ ಮೂಲೆಯನ್ನು ಬಿಚ್ಚಲು ರಾಧಾಬಾಯಿಯವರು ಯಾಕೆ ಅಷ್ಟು ಒದ್ದಾಡಿದರು ಎಂದು ಆಗ ಮೊದಲ ಸಲ ಯೋಚಿಸಿದೆ. ನನ್ನ ಹೊಲಿಗೆಯ ಸಂದಿಯಲ್ಲಿ ಕತ್ತರಿ ಇರಲಿ, ಬೆರಳೇ ಹೋಗುತ್ತಿತ್ತು. ಹಾಗಾದರೆ ಧಾಬಳಿಯಲ್ಲಿ ಸುತ್ತುವ ಮುಂಚೆ ಆಕೆ ಅದನ್ನು ಕಂಡಿದ್ದಳು. ಕಂಡು, ತೆಗೆಯದೆ, ಬೆಲ್ಲ ಸೇರಿಸಿ, ತನ್ನ ಹೊಲಿಗೆ ಹಾಕಿದ್ದಳು. ಹುಡುಗಿ ಇಟ್ಟ ತುತ್ತನ್ನು ತೆಗೆಯಲು ಮನಸ್ಸು ಬರದೆ, ಒಣ ರೊಟ್ಟಿ ಒಂದೇ ಯಾಕೆ ಎಂದೋ? ಅಥವಾ ಬೇರೆ ಯಾವುದಕ್ಕೋ? ನನ್ನ ತಪ್ಪನ್ನು ಹಗುರ ಮಾಡಿಕೊಳ್ಳಲು ನಾನೇ ಈ ಕಥೆ ಕಟ್ಟುತ್ತಿದ್ದೇನೆಯೇ ಎಂಬ ಅನುಮಾನವೂ ಅದರ ಹಿಂದೆಯೇ ಬಂತು. ಅದು ಇನ್ನೂ ಹೋಗಿಲ್ಲ. ಆಕೆಗೆ ಗೊತ್ತಿದ್ದರೂ, ಹೊಸ್ತಿಲಲ್ಲಿ ಆಕೆ ನಿಂತಾಗ ಮಾತಾಡದವಳು ನಾನೇ.

ಈ ವರ್ಷ ಕಲಬುರಗಿಗೆ ಹೋದಾಗ ಅತ್ತೆ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಮೊಮ್ಮಗಳ ವಯಸ್ಸಿನ ಹುಡುಗಿಯೊಬ್ಬಳಿಗೆ ಕಮಲ ಕೊರೆಯುವುದನ್ನು ಹೇಳಿಕೊಡುತ್ತಿದ್ದಳು. ಉಗುರು ನಡುವೆ ಇಟ್ಟು ನೋಡು, ಒಂದೇ ಪದರ ಸಿಕ್ಕಿತೇ ಎನ್ನುತ್ತಿದ್ದಳು. ಹುಡುಗಿ ಹೋದ ಮೇಲೆ ನಾನು ಪಕ್ಕದಲ್ಲಿ ಕೂತು, ಒಂಬತ್ತೋ ಹತ್ತೋ ವರ್ಷದವಳು ಹೇಳಬೇಕಾಗಿದ್ದನ್ನು ಎಲ್ಲ ಹೇಳಿದೆ. ಸಂಗವ್ವನ ಬುತ್ತಿ, ಮಧ್ಯಾಹ್ನ, ಎಡ ಮೂಲೆ. ಕೊನೆಗೆ, ಬೆಲ್ಲ ಇಟ್ಟವರು ಯಾರು ಎಂದೂ ಕೇಳಿದೆ. ಆಕೆ ತಲೆಯಾಡಿಸುತ್ತ ಕೇಳಿದಳು. ಹೊಸ ಸುದ್ದಿ ಕೇಳಿದವರ ಹಾಗೂ ಇರಲಿಲ್ಲ, ಹಳೆಯದನ್ನು ಕೇಳಿದವರ ಹಾಗೂ ಇರಲಿಲ್ಲ. ಮುಗಿದ ಮೇಲೆ ಸೂಜಿ-ದಾರವನ್ನು ನನ್ನ ಕೈಗಿಟ್ಟು, ಪೋಣಿಸಿ ಕೊಡು, ಕಣ್ಣು ಕಾಣಂಗಿಲ್ಲ ಎಂದಳು. ಪೋಣಿಸಿ ಕೊಟ್ಟೆ. ಆಕೆ ದಾರಕ್ಕೆ ಗಂಟು ಹಾಕಿ, ಬಿಟ್ಟಿದ್ದ ದಳದ ಅಂಚನ್ನು ಮೊನೆಯಿಂದ ಒಳಗೆ ತಳ್ಳತೊಡಗಿದಳು. ನಾನು ಇನ್ನೊಮ್ಮೆ ಕೇಳಿದೆ, ಈ ಸಲ ಜೋರಾಗಿ, ಕಿವಿ ಕೇಳಲಿಲ್ಲವೆಂದು ಇಬ್ಬರಲ್ಲಿ ಯಾರೂ ಹೇಳುವಂತಿರಬಾರದು ಎಂದು.

"ಅತ್ತಿ, ಆ ಮೂಲಿಯೊಳಗ ಬೆಲ್ಲ ಇಟ್ಟಾಕಿ ನೀನೇನು? ಕೌದಿ ಸಲುವಾಗಿ ಇಟ್ಯೋ, ಇರುವಿ ಸಲುವಾಗಿ ಇಟ್ಯೋ?"